ನನಗೆ ಹಾಬಿ ಇಲ್ಲ ಸಾರ್

ಸುತ್ತೋಲೆ ಬಂದದ್ದು ಬೇಸಿಗೆ ಶುರುವಾಗುವ ಹೊತ್ತಿಗೆ. ಯುದ್ಧ ನಿಂತ ಒಂದು ದೂರದ ದೇಶದಲ್ಲಿ ಶಾಂತಿ ಕಾಯಲು ಬೇರೆ ಬೇರೆ ದೇಶಗಳ ಪೊಲೀಸರನ್ನು ಒಂದು ವರ್ಷದ ಮಟ್ಟಿಗೆ ಕಳಿಸುತ್ತಾರೆ, ಸಬ್ ಇನ್ಸ್‌ಪೆಕ್ಟರ್ ದರ್ಜೆಯವರು ಅರ್ಜಿ ಹಾಕಬಹುದು, ಇಂಗ್ಲಿಷ್ ಪರೀಕ್ಷೆ ಮತ್ತು ಜೀಪು ಓಡಿಸುವ ಪರೀಕ್ಷೆ ಇರುತ್ತದೆ ಎಂದು ಅದರಲ್ಲಿತ್ತು. ನಾನಾಗ ಅರಸೀಕೆರೆಯ ರೈಲ್ವೆ ಪೊಲೀಸ್ ಠಾಣೆಯಲ್ಲಿದ್ದೆ. ಮೊಬೈಲ್ ಫೋನು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ.

ನಮ್ಮ ಇನ್ಸ್‌ಪೆಕ್ಟರ್ ಸುತ್ತೋಲೆಯನ್ನು ನನ್ನ ಮೇಜಿನ ಮೇಲಿಟ್ಟು, "ಹಾಕ್ರೀ ಅರ್ಜಿ. ಇಲ್ಲಿದ್ದು ಏನ್ ಮಾಡ್ತೀರ? ಹಳಿ ಮೇಲೆ ಹೆಣ ಎತ್ತಿದ್ದೇ ಆಯ್ತು," ಎಂದರು. ಅವರು ಹೇಳಿದ್ದು ನಿಜ. ಕಳ್ಳತನ, ಸರಗಳವು, ಟಿಕೆಟ್ಟಿನ ಜಗಳ ಎಲ್ಲ ಇದ್ದರೂ ನನ್ನ ಕೆಲಸದ ಬಹುಪಾಲು ರೈಲಿಗೆ ಸಿಕ್ಕವರದೇ. ಸ್ಟೇಷನ್ ಮಾಸ್ಟರಿಂದ ಮೆಮೋ ಬರುತ್ತದೆ. ಹೋಗಬೇಕು, ಸಾಕ್ಷಿಗೆ ಪಂಚರನ್ನು ಕರೆಯಬೇಕು, ಹಳಿಯಿಂದ ಎಷ್ಟು ದೂರದಲ್ಲಿ ಯಾವ ದಿಕ್ಕಿಗೆ ತಲೆ ಇದೆ ಎಂದು ಅಳೆದು ಬರೆಯಬೇಕು, ಮೈಮೇಲಿನ ಬಟ್ಟೆ, ಜೇಬಿನ ಸಾಮಾನು ಬರೆಯಬೇಕು, ಗುರುತು ಹಿಡಿಯುವವರನ್ನು ಹುಡುಕಬೇಕು. ಮೊದಮೊದಲು ಆ ದಿನಗಳಲ್ಲಿ ಊಟ ಸೇರುತ್ತಿರಲಿಲ್ಲ. ಆಮೇಲೆ ಸೇರತೊಡಗಿತು. ಅದರಾಚೆ ಇನ್ನೊಂದು ಹಂತವಿದೆ. ಊಟ ಸೇರಿತೋ ಇಲ್ಲವೋ ಎಂಬುದು ನಮಗೇ ಗೊತ್ತಾಗುವುದಿಲ್ಲ. ನಾನು ಆ ಹಂತದಲ್ಲಿದ್ದೆ. ಹೋಗಬೇಕೆಂಬ ಆಸೆಯೂ ಇರಲಿಲ್ಲ, ಬೇಡವೆಂದೂ ಇರಲಿಲ್ಲ. ಅರ್ಜಿ ಹಾಕಿದೆ.

ನನ್ನ ಹೆಂಡತಿ ಅರಸೀಕೆರೆಯಲ್ಲೇ ಪ್ರೈಮರಿ ಶಾಲೆಯ ಟೀಚರು. ಇಂಗ್ಲಿಷ್‌ನಲ್ಲಿ ಮಾತಿನ ಪರೀಕ್ಷೆ ಇದೆ ಎಂದಾಗ ಅವಳು ಒಲೆಯ ಕಡೆಯಿಂದ ತಿರುಗದೆಯೇ, "ಮನೇಲಿ ಕನ್ನಡದಲ್ಲೇ ಮಾತಾಡಲ್ಲ, ಇನ್ನು ಅಲ್ಲಿ ಇಂಗ್ಲಿಷ್‌ನಲ್ಲಿ ಏನ್ ಮಾತಾಡ್ತೀರಿ?" ಎಂದಳು. ಅವಳಿಗೆ ಸಿಟ್ಟೇನೂ ಇರಲಿಲ್ಲ, ಸುಮ್ಮನೆ ಕೇಳಿದ್ದಳು.

ಹಳೇಬೀಡಿನಲ್ಲಿ ನನ್ನ ಷಡ್ಡಕ ಇದ್ದರು, ಹೆಂಡತಿಯ ಅಕ್ಕನ ಗಂಡ. ದೇವಸ್ಥಾನ ನೋಡಲು ಬರುವ ವಿದೇಶಿಯರಿಗೆ ಗೈಡ್ ಆಗಿದ್ದರು. ನಾನು ಅವರನ್ನು ಭಾವ ಎನ್ನುತ್ತಿದ್ದೆ. ನನ್ನ ವಾರದ ರಜೆ ಭಾನುವಾರ, ಅವತ್ತು ಬಸ್ಸು ಹತ್ತಿ ಅವರಲ್ಲಿಗೆ ಹೋಗತೊಡಗಿದೆ. ಅವರು ಪ್ರವಾಸಿಗಳ ಗುಂಪಿನ ಹಿಂದೆ ನನ್ನನ್ನು ನಿಲ್ಲಿಸಿಕೊಂಡು, ಮಧ್ಯೆ ಮಧ್ಯೆ ಯಾರಾದರೂ ವಯಸ್ಸಾದ ವಿದೇಶಿಯರ ಕಡೆಗೆ ನನ್ನನ್ನು ತಳ್ಳಿ, "ಮಾತಾಡ್ಸಿ, ಮಾತಾಡ್ಸಿ, ಅವ್ರೇನು ಕಚ್ಚಲ್ಲ," ಎನ್ನುತ್ತಿದ್ದರು. ನಾನು ಯಾವ ದೇಶ, ಎಷ್ಟು ದಿನ ಇರುತ್ತೀರಿ ಎಂದು ಕೇಳುತ್ತಿದ್ದೆ. ವಿಚಾರಣೆ ಮಾಡಿದ ಹಾಗಿರುತ್ತಿತ್ತು. ಒಬ್ಬಾಕೆ ನನ್ನ ಪ್ರಶ್ನೆಗಳಿಗೆಲ್ಲ ಉತ್ತರಿಸಿ ಕೊನೆಗೆ ಕೈಚೀಲದಿಂದ ಪಾಸ್‌ಪೋರ್ಟ್ ತೆಗೆದು ತೋರಿಸಿದಳು. ಭಾವ ಬಿದ್ದುಬಿದ್ದು ನಕ್ಕರು.

ಸಂಜೆ ಗುಂಪುಗಳು ಬೇಲೂರಿನ ಕಡೆ ಹೊರಟ ಮೇಲೆ ಹುಲ್ಲಿನ ಮೇಲೆ ಕೂತು ಅವರು ನನ್ನನ್ನು ಪರೀಕ್ಷಿಸುತ್ತಿದ್ದರು. ಹೆಸರು, ಊರು, ಕೆಲಸ, ಇವೆಲ್ಲ ಬಂತು. ಹವ್ಯಾಸಕ್ಕೆ ಬಂದು ನಿಂತೆ.

"ಇದು ಕೇಳೇ ಕೇಳ್ತಾರೆ ಕಣ್ರೀ. ವಾಟ್ ಈಸ್ ಯುವರ್ ಹಾಬಿ? ಹೇಳಿ."

"ಹಾಬಿ ಅಂತ ಏನೂ ಇಲ್ಲ ಭಾವ."

"ಡ್ಯೂಟಿ ಮುಗಿದ ಮೇಲೆ ಏನ್ ಮಾಡ್ತೀರಿ?"

ಯೋಚಿಸಿದೆ. ಬೂಟು ಬಿಚ್ಚಿ ವರಾಂಡದ ಕುರ್ಚಿಯಲ್ಲಿ ಕೂರುತ್ತೇನೆ. ಹೆಂಡತಿ ಕರೆದಾಗ ಎದ್ದು ಊಟ ಮಾಡುತ್ತೇನೆ. ಅದನ್ನೇ ಹೇಳಿದೆ.

"ಕುರ್ಚೀಲಿ ಕೂರೋದು ಹಾಬಿ ಅಂತ ಹೇಳಕ್ಕಾಗುತ್ತಾ?" ಎಂದು ಅವರು ಜೇಬಿನಿಂದ ಪೆನ್ನು ತೆಗೆದು, "ಗಾರ್ಡನಿಂಗ್ ಅನ್ನಿ. ಯಾರಿಗೂ ತೊಂದ್ರೆ ಇಲ್ದಿರೋ ಹಾಬಿ," ಎಂದರು.

ಒಂದು ಪುಟದಷ್ಟು ಅವರೇ ಬರೆದುಕೊಟ್ಟರು. ಬೆಳಿಗ್ಗೆ ಬೇಗ ಎದ್ದು ಗುಲಾಬಿ ಗಿಡಗಳಿಗೆ ನೀರು ಹಾಕುತ್ತೇನೆ, ಹೂ ಅರಳುವುದನ್ನು ನೋಡಿದರೆ ದಿನದ ದಣಿವೆಲ್ಲ ಮರೆತುಹೋಗುತ್ತದೆ, ಹೀಗೆ. ಅದನ್ನು ಡ್ಯೂಟಿಗೆ ಹೋಗುವ ಗಾಡಿಗಳಲ್ಲಿ ಬಾಯಿಪಾಠ ಮಾಡಿದೆ. ಹೆಂಡತಿಗೂ ಒಪ್ಪಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಚೆನ್ನಾಗೈತೆ," ಎಂದಳು. ನಮ್ಮ ಕ್ವಾರ್ಟರ್ಸಿನಲ್ಲಿ ಒಂದು ಗಿಡವೂ ಇರಲಿಲ್ಲ.

ಮೊದಲ ಸುತ್ತಿನ ಪರೀಕ್ಷೆ ಬೆಂಗಳೂರಿನಲ್ಲಿ ನಡೆಯಿತು. ಓದುವುದು ಬರೆಯುವುದು ಕಷ್ಟವಾಗಲಿಲ್ಲ. ಅಪಘಾತವೊಂದರ ವರದಿ ಬರೆಯಲು ಕೊಟ್ಟಿದ್ದರು. ಅದು ನನ್ನ ದಿನದ ಕೆಲಸ. ಮಾತಿನ ಪರೀಕ್ಷೆಗೆ ಒಬ್ಬೊಬ್ಬರನ್ನೇ ಒಳಗೆ ಕರೆದರು. ಯಾವುದೋ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ಕೂತಿದ್ದರು. ಮೇಜಿನ ಮೇಲೆ ಟೇಪ್ ರೆಕಾರ್ಡರ್. ಮೊದಲು ಸಣ್ಣ ಪ್ರಶ್ನೆಗಳು, ಆಮೇಲೆ ಒಂದು ಚೀಟಿ ಕೊಡುತ್ತಾರೆ, ಯೋಚಿಸಲು ಒಂದು ನಿಮಿಷ, ಅದರ ಮೇಲೆ ಎರಡು ನಿಮಿಷ ನಿಲ್ಲಿಸದೆ ಮಾತಾಡಬೇಕು. ನನ್ನ ಚೀಟಿಯಲ್ಲಿ ಹವ್ಯಾಸವೇ ಇತ್ತು.

"ಮೈ ಹಾಬಿ ಈಸ್ ಗಾರ್ಡನಿಂಗ್" ಎಂದು ಶುರು ಮಾಡಿ ಒಂದೂ ತಪ್ಪಿಲ್ಲದೆ ಮುಗಿಸಿದೆ. ಆಕೆ ತಲೆಯಾಡಿಸಿ, ಗುಲಾಬಿಯನ್ನು ಯಾವ ತಿಂಗಳಲ್ಲಿ ಪ್ರೂನ್ ಮಾಡುತ್ತೀರಿ ಎಂದು ಕೇಳಿದರು. ಆ ಪದ ನನಗೆ ಗೊತ್ತಿರಲಿಲ್ಲ. "ಎವ್ರಿ ಮಂತ್, ಮ್ಯಾಡಮ್," ಎಂದೆ. ಯಾವ ಗೊಬ್ಬರ ಹಾಕುತ್ತೀರಿ ಎಂದರು. ಟೇಪಿನ ಚಕ್ರ ತಿರುಗುತ್ತಲೇ ಇತ್ತು. ಆಕೆ ಗುಂಡಿ ಒತ್ತಿ ನಿಲ್ಲಿಸಿ ಕನ್ನಡದಲ್ಲಿ ಹೇಳಿದರು:

"ಪ್ರೂನ್ ಅಂದ್ರೆ ಕೊಂಬೆ ಕತ್ತರಿಸೋದು. ನಿಮ್ಮ ಗ್ರಾಮರ್ ಸರಿಯಾಗಿದೆ, ಅದಕ್ಕೇ ಪಾಸ್ ಮಾಡ್ತಿದೀನಿ. ಆದ್ರೆ ನೀವು ಮಾತಾಡಲಿಲ್ಲ, ಒಪ್ಪಿಸಿದ್ರಿ. ಮುಂದಿನ ಸುತ್ತಿಗೆ ಹೊರಗಿನೋರು ಬರ್ತಾರೆ. ಅವ್ರು ಎರಡನೇ ಪ್ರಶ್ನೆಗೇ ಹಿಡೀತಾರೆ."

ಭಾವನಿಗೆ ಹೇಳಿದಾಗ ಅವರು ಬೇಸರಪಟ್ಟುಕೊಳ್ಳಲಿಲ್ಲ. "ಹಂಗಾದ್ರೆ ವಾಲಿಬಾಲ್ ಅನ್ನಿ. ಕಾಲೇಜಲ್ಲಿ ಆಡ್ತಿದ್ರಲ್ಲ, ಏನ್ ಕೇಳಿದ್ರೂ ಉತ್ತರ ಬರುತ್ತೆ," ಎಂದರು. ಇನ್ನೊಂದು ಪುಟ ತಯಾರಾಯಿತು. ಕಾಲೇಜು ಬಿಟ್ಟ ಮೇಲೆ ನಾನು ಚೆಂಡು ಮುಟ್ಟಿರಲಿಲ್ಲ.

ಎರಡನೇ ಸುತ್ತಿಗೆ ಇನ್ನೂ ಕೆಲವು ವಾರ ಇರುವಾಗ ಒಂದು ಬೆಳಿಗ್ಗೆ ಮೆಮೋ ಬಂತು. ಬಾಣಾವರ ಸ್ಟೇಷನ್ ದಾಟಿ ಕಡೂರಿನ ಕಡೆಗೆ ಹಳಿಯ ಪಕ್ಕ ಒಂದು ಗಂಡಸಿನ ಶವ, ಗೂಡ್ಸ್ ಗಾಡಿಯ ಡ್ರೈವರ್ ನೋಡಿದ್ದಾನೆ. ಹೆಡ್ ಕಾನ್‌ಸ್ಟೇಬಲ್ ಜೊತೆ ಬಾಣಾವರಕ್ಕೆ ಹೋಗಿ, ಅಲ್ಲಿಂದ ಹಳಿ ಕಾಯುವ ಕೀಮ್ಯಾನ್ ಒಬ್ಬನನ್ನು ಕರೆದುಕೊಂಡು ಜಲ್ಲಿಕಲ್ಲಿನ ಮೇಲೆ ನಡೆದು ಹೋದೆವು. ಇಪ್ಪತ್ತೈದರ ಆಸುಪಾಸಿನವನು. ಬೆಳಗಿನ ಪ್ಯಾಸೆಂಜರ್ ಗಾಡಿಯ ಬಾಗಿಲಲ್ಲಿ ನಿಂತಿದ್ದವನು ಕೈಜಾರಿ ಬಿದ್ದಿದ್ದ. ತಲೆಗೆ ಕಲ್ಲು ಬಡಿದಿತ್ತು, ಉಳಿದಂತೆ ಮೈ ನೆಟ್ಟಗಿತ್ತು. ಕೀಮ್ಯಾನ್ ಮುಖ ನೋಡಿದ ಕೂಡಲೇ ತಲೆಯ ಟವಲು ತೆಗೆದ.

"ಕೊಬ್ಬರಿ ಅಂಗಡಿ ಯಜಮಾನ್ರ ಮಗ ಸಾರ್. ಪಾರಿವಾಳದೋನು ಅಂದ್ರೆ ಸ್ಟೇಷನ್ನಲ್ಲಿ ಎಲ್ರಿಗೂ ಗೊತ್ತು. ಬುಟ್ಟೀಲಿ ಹಕ್ಕಿ ಇಟ್ಕಂಡು ಕಡೂರಿಗೆ ಹೋಯ್ತಾನೆ, ಅಲ್ಲಿ ಬಿಡ್ತಾನೆ. ಅವು ಹಾರ್ಕಂಡು ಮನೆಗೆ ಬತ್ತವೆ, ಇವ್ನು ಹಿಂದ್ಗಡೆ ಗಾಡೀಲಿ ಬತ್ತಾನೆ."

ಬುಟ್ಟಿ ಪೊದೆಯೊಂದರಲ್ಲಿ ಸಿಕ್ಕಿಕೊಂಡಿತ್ತು. ಮುಚ್ಚಳ ಕಿತ್ತುಹೋಗಿತ್ತು. ಸುತ್ತ ಪುಕ್ಕಗಳು ಬಿದ್ದಿದ್ದವು. ಒಳಗೆ ಮೂಲೆಯಲ್ಲಿ ಎರಡು ಹಕ್ಕಿ ಇನ್ನೂ ಕೂತಿದ್ದವು. ಒಂದರ ರೆಕ್ಕೆ ಇಳಿಬಿದ್ದಿತ್ತು, ಇನ್ನೊಂದು ಅದನ್ನು ಒತ್ತಿಕೊಂಡು ಕೂತಿತ್ತು.

ಅಳತೆ ಮುಗಿಸಿ ಪಂಚನಾಮೆ ಬರೆಸುತ್ತಿದ್ದಾಗ ಹೆಡ್ ಕಾನ್‌ಸ್ಟೇಬಲ್ ಪೆನ್ನು ನಿಲ್ಲಿಸಿದ. "ಸಾರ್, ಇವನ್ನ ಏನಂತ ಬರ್ಕೊಳ್ಳೋದು? ಜೀವ ಐತೆ."

"ಬಿದಿರ ಬುಟ್ಟಿ ಒಂದು, ಅದರಲ್ಲಿ ಜೀವಂತ ಪಾರಿವಾಳ ಎರಡು."

"ಠಾಣೆಗೆ ತಗಂಡೋದ್ರೆ ಸಾಯ್ತವೆ ಸಾರ್."

"ವಾರಸುದಾರರಿಗೆ ಕೊಟ್ಟು ಸಹಿ ತಗೊಳ್ಳೋಣ."

ಸಾಮಾನ್ಯವಾಗಿ ಮನೆಗೆ ಸುದ್ದಿ ಮುಟ್ಟಿಸಲು ನಾನು ಹೋಗುವುದಿಲ್ಲ, ಯಾರನ್ನಾದರೂ ಕಳಿಸುತ್ತೇನೆ. ಅವತ್ತು ಹೆಣ ಕಾಯಲು ಒಬ್ಬ ಬೇಕಿತ್ತು, ಗಾಡಿ ನಿಲ್ಲಿಸಿ ಸಾಗಿಸುವ ಏರ್ಪಾಡಿಗೆ ಕೀಮ್ಯಾನ್ ಬೇಕಿತ್ತು. ಉಳಿದವನು ನಾನೇ. ಬುಟ್ಟಿಯ ಬಾಯಿಗೆ ಕೀಮ್ಯಾನ್‌ನ ಟವಲು ಕಟ್ಟಿಕೊಂಡು ಊರೊಳಕ್ಕೆ ನಡೆದೆ.

ಕೊಬ್ಬರಿ ಅಂಗಡಿ ರಸ್ತೆಯ ಮೇಲೇ ಇತ್ತು. ಹಿಂದೆ ಗೋದಾಮು, ಗೋದಾಮಿನ ತಾರಸಿಯ ಮೇಲೆ ಬಲೆ ಹೊಡೆದ ಗೂಡು ರಸ್ತೆಗೇ ಕಾಣುತ್ತಿತ್ತು. ಯಜಮಾನರು ಹಣೆಗೆ ವಿಭೂತಿ ಇಟ್ಟುಕೊಂಡು ತಕ್ಕಡಿಯ ಪಕ್ಕ ಕೂತಿದ್ದರು. ಐವತ್ತು ದಾಟಿದ ಗಟ್ಟಿ ಆಳು. ನನ್ನ ಸಮವಸ್ತ್ರ ನೋಡಿ ಎದ್ದರು, ಆಮೇಲೆ ಬುಟ್ಟಿ ನೋಡಿ ನಕ್ಕುಬಿಟ್ಟರು.

"ಟ್ರೈನಲ್ಲೇ ಬಿಟ್ಬಿಟ್ನಾ ಬುಟ್ಟಿನಾ? ಅವನಿಗೆ ಮರೆವು ಸ್ವಾಮಿ. ನೀವ್ಯಾಕೆ ತರೋಕೆ ಹೋದ್ರಿ, ಪಾಪ. ಕೂತ್ಕಳಿ."

ನಾನು ಕೂರಲಿಲ್ಲ. ಅವರು ತಾರಸಿಯ ಕಡೆ ಕೈ ತೋರಿಸಿದರು.

"ಹಕ್ಕಿ ಆಗ್ಲೇ ಬಂದ್ವು. ಕಡೂರಿಂದ ಇಷ್ಟು ಬೇಗ ಯಾವತ್ತೂ ಬಂದಿಲ್ಲ ಕಣ್ರೀ! ನಾನು ಇನ್ನೂ ಅಂಗಡಿ ಕಸ ಗುಡಿಸ್ತಿದ್ದೆ, ಪಟಪಟ ಅಂತ ಬಂದು ಕೂತ್ವು. ಅವನು ಬರ್ಲಿ, ಹೇಳ್ಬೇಕು. ಕುಣಿದಾಡ್ಬಿಡ್ತಾನೆ."

ಇಂಥ ಸುದ್ದಿ ಹೇಳಲು ನನ್ನಲ್ಲಿ ಒಂದು ಸಿದ್ಧ ಮಾತಿತ್ತು. ಮನೆಯಲ್ಲಿ ಇನ್ನು ಯಾರಿದ್ದಾರೆ, ಸ್ವಲ್ಪ ಕರೆಯಿರಿ, ಧೈರ್ಯ ತಂದುಕೊಳ್ಳಿ ಎಂದು ಶುರುವಾಗುವ ಮಾತು. ಎಷ್ಟೋ ಬಾಗಿಲಲ್ಲಿ ಅದನ್ನು ಆಡಿದ್ದೆ. ಅವತ್ತು ಅದು ಬಾಯಿಗೆ ಬರಲಿಲ್ಲ. ನಾನು ಹೇಳಿದ್ದು ಇಷ್ಟು:

"ಹಕ್ಕಿ ಕಡೂರಿಂದ ಬಂದಿದ್ದಲ್ಲ ಯಜಮಾನ್ರೇ."

ಅವರು ನಗುಮುಖದಲ್ಲೇ ನನ್ನನ್ನು ನೋಡಿದರು. ತಾರಸಿಯ ಕಡೆ ನೋಡಿದರು. ಆಮೇಲೆ ಮುಚ್ಚಳವಿಲ್ಲದೆ ಟವಲು ಕಟ್ಟಿದ್ದ ಬುಟ್ಟಿಯ ಬಾಯಿ ನೋಡಿದರು. ಉಳಿದದ್ದನ್ನು ನಾನು ಹೇಳಬೇಕಾಗಿ ಬರಲಿಲ್ಲ. ತಕ್ಕಡಿಯ ಸರಪಳಿ ಹಿಡಿದುಕೊಂಡು ನೆಲಕ್ಕೆ ಕೂತರು. ಒಳಗಿನಿಂದ ಅವರ ಹೆಂಡತಿ ಬಂದು, ಏನು ಏನು ಎಂದು ನನ್ನನ್ನು ಕೇಳಿದರು.

ಮಿಕ್ಕಿದ್ದು ಎಂದಿನಂತೆ. ಶವವನ್ನು ಅರಸೀಕೆರೆ ಆಸ್ಪತ್ರೆಗೆ ಸಾಗಿಸಿದ್ದು, ಮರಣೋತ್ತರ ಪರೀಕ್ಷೆ, ಮನೆಯವರ ಕೈಗೆ ಒಪ್ಪಿಸಿದ್ದು. ಸಂಜೆ ಕ್ವಾರ್ಟರ್ಸಿಗೆ ಬಂದು ಬೂಟು ಬಿಚ್ಚಿ ಕುರ್ಚಿಯಲ್ಲಿ ಕೂತೆ. ದುಃಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ಆಗಲಿಲ್ಲ. ಬೇಗ ಬಂದ್ವು ಎಂದ ಮಾತೊಂದು ಮಾತ್ರ ಕಿವಿಯಲ್ಲಿ ನೀರು ನಿಂತ ಹಾಗೆ ನಿಂತಿತ್ತು.

ತಿಥಿಯೆಲ್ಲ ಕಳೆದ ಮೇಲೆ ಹೇಳಿಕೆ ಬರೆದುಕೊಳ್ಳಲು ಹೋದೆ. ಯಜಮಾನರು ಹೇಳಿಕೆ ಕೊಟ್ಟು, ಸಹಿ ಹಾಕಿ, ಹಕ್ಕಿಯ ಮಾತು ಎತ್ತಿದರು. ತಿಪಟೂರಿನವರೊಬ್ಬರಿಗೆ ಹಾರುವ ಹಕ್ಕಿಗಳಷ್ಟನ್ನೂ ಕೊಟ್ಟುಬಿಟ್ಟಿದ್ದರಂತೆ. ಆತ ಅಲ್ಲಿ ಗೂಡಿನ ಬಾಗಿಲು ತೆಗೆದ ದಿನವೇ ಎಲ್ಲ ವಾಪಸು ಬಂದಿದ್ದವು.

"ಕಾಳು ಯಾರು ಹಾಕ್ತಾರೆ?"

"ನಮ್ಮನೆಯವಳು ಕೆಳಗಿಂದ್ಲೇ ಎಸೀತಾಳೆ. ನಂಗೆ ಮೇಲಕ್ಕೆ ಹೋಗೋಕೆ ಆಗ್ತಿಲ್ಲ ಸ್ವಾಮಿ. ಕಾಲ್ನೋವೇನಿಲ್ಲ."

ಗೋದಾಮಿನ ಗೋಡೆಗೆ ಒಂದು ಮರದ ಏಣಿ ಒರಗಿಸಿತ್ತು. ನಾನು ಟೋಪಿ ತೆಗೆದಿಟ್ಟು ಹತ್ತಿದೆ. ಯಾಕೆ ಹತ್ತಿದೆ ಎಂದು ಆಗ ಯೋಚಿಸಲಿಲ್ಲ. ಗೂಡು ಗಲೀಜಾಗಿತ್ತು, ನೀರಿನ ಬೋಗುಣಿ ಒಣಗಿತ್ತು. ರೆಕ್ಕೆ ಮುರಿದದ್ದು ಕೆಳಗಿನ ಖಾನೆಯಲ್ಲಿ ಒಂದೇ ಕೂತಿತ್ತು. ತೊಳೆದು, ನೀರಿಟ್ಟು, ಜೋಳವನ್ನೂ ಸಜ್ಜೆಯನ್ನೂ ಹಾಕಿ ಇಳಿದೆ. ಮುಂದಿನ ಭಾನುವಾರ ಹಳೇಬೀಡಿನ ಬಸ್ಸಿಗೆ ಹೋಗುವವನು ಬಾಣಾವರದ ಗಾಡಿ ಹತ್ತಿದೆ. ಅದರ ಮುಂದಿನ ಭಾನುವಾರವೂ.

ಹೆಂಡತಿ ಕೇಳಿದಳು, "ಅವ್ರು ಬನ್ನಿ ಅಂದಿದ್ರಾ?"

"ಇಲ್ಲ."

"ಮತ್ತೆ?"

ನಾನು ಬೂಟಿನ ಲೇಸು ಕಟ್ಟಿಕೊಂಡು ಗಾಡಿಗೆ ಹೊರಟೆ.

ಪರೀಕ್ಷೆ ಹತ್ತಿರ ಬಂದಾಗ ಭಾವನೇ ಅರಸೀಕೆರೆಗೆ ಬಂದರು. ಭಾನುವಾರ ಯಾಕೆ ಬರುತ್ತಿಲ್ಲ ಎಂದು ಕೇಳಿದ್ದಕ್ಕೆ ನಡೆದದ್ದನ್ನು ಹೇಳಿದೆ. ಅವರು ಪೂರ್ತಿ ಕೇಳಿ ತೊಡೆ ತಟ್ಟಿದರು.

"ಅಲ್ರೀ, ಇದನ್ನೇ ಹೇಳಿ! ಪಾರಿವಾಳ ಅಂದ್ರೆ ಶಾಂತಿ. ಅವ್ರದ್ದು ಶಾಂತಿ ಪಡೆ. ಇದಕ್ಕಿಂತ ಒಳ್ಳೆ ಹಾಬಿ ಬೇಕಾ? ನಾನು ಬರ್ಕೊಡ್ತೀನಿ ನೋಡಿ, ಎದ್ದು ಕೈ ಕುಲುಕಿ ಕಳಿಸ್ತಾರೆ."

"ಬೇಡ ಭಾವ."

"ಯಾಕೆ? ಸುಳ್ಳಲ್ವಲ್ಲ?"

"ಅದು ಅವನ ಹಾಬಿ. ಸತ್ತೋನದ್ದು. ನಾನು ಹೇಳ್ಕೊಂಡು ಪಾಸಾಗೋದು ಬೇಡ."

ಭಾವ ಒಳ್ಳೆಯ ಮನುಷ್ಯ. ನನ್ನ ಮುಖ ನೋಡಿ ಆ ಮಾತು ಬಿಟ್ಟು ವಾಲಿಬಾಲಿನ ಪುಟವನ್ನು ಇನ್ನೊಮ್ಮೆ ಒಪ್ಪಿಸಲು ಹೇಳಿದರು. ಒಪ್ಪಿಸಿದೆ.

ಎರಡನೇ ಸುತ್ತಿಗೆ ನನ್ನನ್ನು ಒಳಗೆ ಕರೆದಾಗ ಮೇಜಿನ ಹಿಂದೆ ಒಬ್ಬ ವಿದೇಶಿ ಪೊಲೀಸ್ ಅಧಿಕಾರಿ ಇದ್ದ. ಗಿಡ್ಡಕ್ಕೆ ಕತ್ತರಿಸಿದ ನರೆಗೂದಲು, ದೊಡ್ಡ ಕೈಗಳು. ಹೆಸರು, ಊರು, ಕೆಲಸ ಕೇಳಿದ. ರೈಲ್ವೆ ಪೊಲೀಸರ ಕೆಲಸ ಏನು ಎಂದ. ಹೇಳಿದೆ. ತಲೆಯಾಡಿಸಿ ಚೀಟಿ ಕೊಟ್ಟ. ನೀವು ಇಷ್ಟಪಟ್ಟು ಮಾಡುವ ಒಂದು ಹವ್ಯಾಸದ ಬಗ್ಗೆ ಮಾತಾಡಿ ಎಂದಿತ್ತು. ಬರೆದುಕೊಳ್ಳಲು ಪೆನ್ಸಿಲ್ಲು, ಹಾಳೆ ಇಟ್ಟಿದ್ದರು. ವಾಲಿಬಾಲಿನ ಪುಟದ ಮೊದಲ ಸಾಲು ತಲೆಯಲ್ಲಿ ಸಿದ್ಧವಾಗಿ ನಿಂತಿತ್ತು. ಹಾಳೆಯ ಮೇಲೆ ಏನೂ ಬರೆಯದೆ ಕೂತೆ. ಎದುರಿಗೆ ಕೂತವನೂ ಹೇಳಿಕೆ ಬರೆದುಕೊಳ್ಳುವ ಕೆಲಸದವನೇ. ನಮ್ಮಂಥವರು ಕಲಿತು ಬಂದ ಹೇಳಿಕೆಯನ್ನು ಹೇಗೆ ಕೇಳುತ್ತೇವೆ ಎಂಬುದು ನನಗೆ ಗೊತ್ತಿತ್ತು. ಸಮಯ ಆಯಿತು ಎಂದ.

"ಐ ಹ್ಯಾವ್ ನೋ ಹಾಬಿ, ಸರ್," ಎಂದೆ.

ಅವನು ಸ್ಟಾಪ್‌ವಾಚ್ ಒತ್ತಿದ ಹೆಬ್ಬೆಟ್ಟನ್ನು ಹಾಗೇ ಇಟ್ಟುಕೊಂಡು ನನ್ನನ್ನು ನೋಡಿದ. ನೀವು ಎರಡು ನಿಮಿಷ ಮಾತಾಡಲೇಬೇಕು, ಇಲ್ಲದಿದ್ದರೆ ಅಂಕ ಕೊಡಲು ಬರುವುದಿಲ್ಲ ಎಂದ. ಆಮೇಲೆ, ಹೋಗಲಿ, ಕಳೆದ ಭಾನುವಾರ ಏನು ಮಾಡಿದಿರಿ ಎಂದು ಕೇಳಿದ.

ಕೇಳಿದ್ದಕ್ಕೆ ಸುಳ್ಳು ಹೇಳಲು ಆಗಲಿಲ್ಲ. ಏಣಿ ಹತ್ತಿದ್ದು, ಗೂಡು ತೊಳೆದದ್ದು ಹೇಳಿದೆ. ಯಾರ ಹಕ್ಕಿ ಎಂದ. ನನ್ನವಲ್ಲ, ಅವುಗಳನ್ನು ಸಾಕಿದವನು ಸತ್ತಿದ್ದಾನೆ, ಅವನ ತಂದೆಗೆ ಹೇಳಿದವನು ನಾನು ಎಂದೆ. ಅಲ್ಲಿಂದ ಮಾತು ತಾನಾಗಿ ಹೋಯಿತು. ಕ್ರಿಯಾಪದಗಳೆಲ್ಲ ತಪ್ಪಿದವು, ನಿನ್ನೆಗೆ ಇಂದಿನದು, ಇಂದಿಗೆ ನಿನ್ನೆಯದು. ಪುಕ್ಕಕ್ಕೆ ಇಂಗ್ಲಿಷ್ ಪದ ಸಿಗದೆ ಬೆರಳಿನಿಂದ ಗಾಳಿಯಲ್ಲಿ ಗೀಚಿ ತೋರಿಸಿದೆ. ಹಕ್ಕಿಗಳು ಬೇಗ ಬಂದವೆಂದು ತಂದೆ ಸಂತೋಷಪಟ್ಟದ್ದನ್ನು ಹೇಳುವಾಗ ನನ್ನ ಸ್ವರ ಎಲ್ಲೋ ಕೋಣೆಯ ಇನ್ನೊಂದು ಮೂಲೆಯಿಂದ ಬರುತ್ತಿರುವಂತೆ ಕೇಳುತ್ತಿತ್ತು. ಸ್ಟಾಪ್‌ವಾಚ್ ಸದ್ದು ಮಾಡಿತು. ಅವನು ಅದನ್ನು ನಿಲ್ಲಿಸಿ ಪಕ್ಕಕ್ಕಿಟ್ಟ, ನನ್ನನ್ನು ನಿಲ್ಲಿಸಲಿಲ್ಲ.

ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದ. "ಡು ಯೂ ಎಂಜಾಯ್ ಇಟ್?"

"ನೋ ಸರ್," ಎಂದೆ. ಇನ್ನೂ ಏನೋ ಸೇರಿಸಬೇಕು ಅನ್ನಿಸಿತು. "ಬಟ್ ಐ ಗೋ."

ಅವನು ಏನೋ ಬರೆದುಕೊಂಡ. ಥ್ಯಾಂಕ್ಯೂ ಎಂದ. ಎದ್ದು ಕೈ ಕುಲುಕಲಿಲ್ಲ.

ಮಧ್ಯಾಹ್ನ ಪಟ್ಟಿ ಅಂಟಿಸಿದಾಗ ಮಾತಿನಲ್ಲಿ ಪಾಸಾದವರಲ್ಲಿ ನನ್ನ ಹೆಸರಿತ್ತು. ಅದಾದ ಕೂಡಲೇ ಮೈದಾನದಲ್ಲಿ ಜೀಪಿನ ಪರೀಕ್ಷೆ. ನೆಟ್ಟಿದ್ದ ಕೋಲುಗಳ ಮಧ್ಯೆ ಮುಂದಕ್ಕೆ ಹೋಗಿ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಮುಂದಕ್ಕೆ ಸರಿಯಾಗಿ ಹೋದೆ. ಹಿಂದಕ್ಕೆ ಬರುವಾಗ ಕೊನೆಯ ಕೋಲಿಗೆ ಬಂಪರ್ ತಾಗಿತು. ಕೋಲು ಬೀಳಲೂ ಇಲ್ಲ, ಸ್ವಲ್ಪ ಅಲ್ಲಾಡಿತು. ಒಮ್ಮೆ ತಾಗಿದರೆ ಮುಗಿಯಿತು, ಅದು ನಿಯಮ. ಪಕ್ಕದಲ್ಲಿ ಕೂತಿದ್ದ ಅಧಿಕಾರಿ ಕೈ ಎತ್ತಿದ. ನಾನು ಕೀಲಿ ಕೊಟ್ಟು ಇಳಿದೆ. ಸಂಜೆಯ ಗಾಡಿಗೆ ಅರಸೀಕೆರೆಗೆ ಹೊರಟೆ.

ಹೆಂಡತಿಗೆ ಹೇಳಿದಾಗ, "ಮಾತಲ್ಲಿ ಪಾಸಾದ್ರಾ?" ಎಂದು ಎರಡು ಸಲ ಕೇಳಿದಳು. ಏನು ಮಾತಾಡಿದಿರಿ ಎಂದಳು. ಹೇಳಿದೆ. ಅವಳಿಗೂ ಅದನ್ನು ಪೂರ್ತಿ ಹೇಳಿರಲಿಲ್ಲವೆಂದು ಹೇಳುವಾಗಲೇ ತಿಳಿಯಿತು. ಅವಳು ಎದುರಿಗೆ ಕೂತು ಕೇಳಿದಳು.

ಆ ಭಾನುವಾರ ಬಾಣಾವರಕ್ಕೆ ಹೋದೆ. ನಾನು ಪರದೇಶಕ್ಕೆ ಹೊರಟಿದ್ದೇನೆಂದು ಕೀಮ್ಯಾನ್ ಊರಿಗೆಲ್ಲ ಹೇಳಿಬಿಟ್ಟಿದ್ದ.

"ಯಾವಾಗ ಹೊರಡೋದು ಸ್ವಾಮಿ?" ಎಂದರು ಯಜಮಾನರು.

"ಇಲ್ಲ ಯಜಮಾನ್ರೇ, ಫೇಲಾದೆ."

"ಇಂಗ್ಲಿಷಲ್ಲಾ?"

"ಅಲ್ಲ. ಜೀಪು ರಿವರ್ಸ್ ತಗೊಳ್ಳೋದ್ರಲ್ಲಿ."

ಅವರು ತಕ್ಕಡಿ ಹಿಡಿದವರು ಹಾಗೇ ನಿಂತರು. "ಪೊಲೀಸ್ನೋರು ನೀವು. ರಿವರ್ಸ್ ಬರಲ್ವಾ?" ಎಂದು ಕೇಳಿ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಗಿಂದ ಅವರ ಹೆಂಡತಿ ಗಾಬರಿಯಾಗಿ ಓಡಿ ಬಂದರು. ಆ ಮನೆಯಲ್ಲಿ ಅಂಥ ಸದ್ದು ಕೇಳಿ ಬಹಳ ದಿನವಾಗಿತ್ತು. ನಗು ಹೋಗಿ ಕೆಮ್ಮಾಯಿತು, ಕೆಮ್ಮು ಹೋಗಿ ಕಣ್ಣು ಒರೆಸಿಕೊಂಡರು. ನಾನು ಟೋಪಿ ತೆಗೆದಿಟ್ಟು ಏಣಿಯ ಕಡೆ ಹೋದೆ. ಅವರೂ ಹಿಂದೆ ಬಂದರು.

"ತಡೀರಿ. ನೀವು ಕೆಳಗೆ ಹಿಡ್ಕಳಿ," ಎಂದರು.

ಏಣಿ ಹಿಡಿದುಕೊಂಡೆ. ಅವರು ಪಂಚೆ ಎತ್ತಿ ಕಟ್ಟಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ತಾರಸಿಯ ಮೇಲೆ ಕಾಣದಾದರು. ಹಕ್ಕಿಗಳು ಒಮ್ಮೆಗೇ ಎದ್ದು ಮತ್ತೆ ಕೂತ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ಮೇಲಿನಿಂದ ದನಿ ಬಂತು.

"ಇದ್ಯಾವ್ದು ಸ್ವಾಮಿ, ರೆಕ್ಕೆ ಸೊಟ್ಟ ಇರೋದು? ಕೈಗೇ ಬರುತ್ತಲ್ಲ ಇದು."

"ಬುಟ್ಟೀಲಿ ಇದ್ದಿದ್ದು," ಎಂದೆ.

ಅವರು ಬಹಳ ಹೊತ್ತು ಕೆಳಗಿಳಿಯಲಿಲ್ಲ. ನಾನು ಏಣಿ ಬಿಡಲಿಲ್ಲ.